ಮೂಲವಿಲ್ಲದ ಪ್ರತಿಗಳು

1986ರಲ್ಲಿ ಲಾಸ್ ಏಂಜಲೀಸ್‌ನ ತಮ್ಮ ಸ್ಟುಡಿಯೊದಲ್ಲಿ ಡೇವಿಡ್ ಹಾಕ್ನಿ ಒಂದು ಅಂಗಿಯನ್ನು ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಹರವಿ ಗುಂಡಿ ಒತ್ತಿದರು. ಅಂಗಿಯ ಗೆರೆ, ಮಡಿಕೆ ಎಲ್ಲ ಕಾಗದಕ್ಕಿಳಿದವು. ಮುಖವನ್ನು ಕೈಯಿಂದ ಬರೆದು ಬೇರೆ ಸುತ್ತಿನಲ್ಲಿ, ಬೇರೆ ಬಣ್ಣದಲ್ಲಿ ಅದೇ ಹಾಳೆಯ ಮೇಲೆ ಅಚ್ಚು ಹಾಕಿದರು. ಹೀಗೆ ಹುಟ್ಟಿದ ಅವರ ಸ್ವಚಿತ್ರವನ್ನು ‘ಜೆರಾಕ್ಸ್ ಪ್ರತಿ’ ಎಂದು ಕರೆದರೆ ಒಂದು ತಕರಾರು ಏಳುತ್ತದೆ. ಯಾವುದರ ಪ್ರತಿ? ಮೂಲ ಎಲ್ಲಿದೆ? ಹುಡುಕಿದರೆ ಸಿಗುವುದು ಒಂದು ಅಂಗಿ, ಒಂದಷ್ಟು ಬಿಡಿ ಹಾಳೆಗಳ ಮೇಲಿನ ಅರೆಬರೆ ಗೆರೆಗಳು, ಅಷ್ಟೇ. ಇಡೀ ಚಿತ್ರ ಇರುವುದು ಯಂತ್ರದಿಂದ ಹೊರಬಂದ ಕಾಗದದ ಮೇಲೆ ಮಾತ್ರ.

1937ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಹುಟ್ಟಿದ ಹಾಕ್ನಿಯನ್ನು ಲೋಕ ಬಲ್ಲದ್ದು ಮುಖ್ಯವಾಗಿ ಕ್ಯಾಲಿಫೋರ್ನಿಯಾದ ಈಜುಕೊಳಗಳನ್ನು ಬಣ್ಣದಲ್ಲಿ ಹಿಡಿದವರೆಂದು. ಅಚ್ಚುಚಿತ್ರಗಳ ಹಾಕ್ನಿ ಅದಕ್ಕಿಂತ ಹಳಬರು, ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡವರು ಕೂಡ. ತಾಮ್ರದ ತಗಡು, ಕಲ್ಲಚ್ಚು, ಕಾಗದದ ತಿರುಳು, ಜೆರಾಕ್ಸ್, ಫ್ಯಾಕ್ಸ್, ಫೋಟೊಶಾಪ್, ಐಪ್ಯಾಡ್ – ಅರವತ್ತು ವರ್ಷಗಳಲ್ಲಿ ಅವರ ಕೈ ಹಾಯದ ಅಚ್ಚಿನ ಸಾಧನ ಇಲ್ಲವೆನ್ನಬಹುದು. ಅವರ ಬಗ್ಗೆ ಬರೆಯುವವರು ಈ ಪಟ್ಟಿಯ ನಡುವೆ ಎಲ್ಲೋ ಒಂದು ಗೆರೆ ಎಳೆದು, ಇತ್ತ ಸಂಪ್ರದಾಯ, ಅತ್ತ ಡಿಜಿಟಲ್ ಎನ್ನುತ್ತಾರೆ. ವಿದ್ಯುತ್ತಿನ ಪ್ಲಗ್ ಬಂದಲ್ಲಿ ಗೆರೆ ಎಳೆಯುವುದು ಸುಲಭ. ನಿಜವಾದ ಗೆರೆ ಬೇರೆ ಕಡೆ ಇದೆ ಎಂಬುದು ಈ ಲೇಖನದ ವಾದ.

ಮೊದಲು ಈ ‘ಪ್ರತಿ’ಯ ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ಅಚ್ಚಾದ ಚಿತ್ರ ಎಂದರೆ ಥಟ್ಟನೆ ನೆನಪಾಗುವುದು ರವಿವರ್ಮ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಇರುವುದು ಅವರ ತೈಲಚಿತ್ರಗಳು. ದೇವರಮನೆಯ ಗೋಡೆಯ ಮೇಲೆ ಅಜ್ಜಿ ಕುಂಕುಮ ಹಚ್ಚಿದ ಸರಸ್ವತಿ, ಲಕ್ಷ್ಮಿಯರು ಅಂಥ ಚಿತ್ರಗಳ ಅಚ್ಚು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವರ ಮುದ್ರಣಾಲಯದಲ್ಲಿ ನುರಿತ ಕೆಲಸಗಾರರು ತೈಲಚಿತ್ರವನ್ನು ಎದುರಿಗಿಟ್ಟುಕೊಂಡು, ಅದರ ಬಣ್ಣಗಳನ್ನು ಒಂದೊಂದಾಗಿ ಬಿಡಿಸಿ, ಬಣ್ಣಕ್ಕೊಂದು ಕಲ್ಲಿನಂತೆ ಬರೆದು ಅಚ್ಚು ಹಾಕುತ್ತಿದ್ದರು. ಅಲ್ಲಿ ಮೂಲ ಒಂದು ಕಡೆ, ಪ್ರತಿ ಇನ್ನೊಂದು ಕಡೆ. ಕಲಾವಿದರು ‘ಗ್ರಾಫಿಕ್ಸ್’ ಎನ್ನುವ ಅಚ್ಚುಚಿತ್ರದ ಕಥೆಯೇ ಬೇರೆ. ಅಲ್ಲಿ ಕಲಾವಿದ ಕಾಗದದ ಮೇಲೆ ಚಿತ್ರ ಬರೆದು ಆಮೇಲೆ ಅದನ್ನು ನಕಲು ಮಾಡುವುದಿಲ್ಲ. ತಗಡಿನ ಮೇಲೋ ಕಲ್ಲಿನ ಮೇಲೋ ನೇರವಾಗಿ ಕೆಲಸ ಮಾಡುತ್ತಾನೆ. ತಗಡು ಚಿತ್ರವಲ್ಲ, ಅದರಲ್ಲಿ ಎಡ ಬಲ ಅದಲುಬದಲು; ಕಣ್ಣಿಗೆ ಕಾಣುವುದು ಗೀರುಗಳು ಮಾತ್ರ. ಅಚ್ಚಾದ ಮೇಲಷ್ಟೇ ಚಿತ್ರ ಹುಟ್ಟುತ್ತದೆ. ಐವತ್ತು ಹಾಳೆ ತೆಗೆದರೆ ಐವತ್ತೂ ಮೂಲವೇ. ಕಲಾವಿದ ಒಂದೊಂದರ ಅಂಚಿನಲ್ಲೂ ಪೆನ್ಸಿಲ್ಲಿನಲ್ಲಿ ಸಂಖ್ಯೆ ಬರೆದು ಸಹಿ ಹಾಕುವುದು ಇದೇ ಕಾರಣಕ್ಕೆ.

ಹಾಕ್ನಿ ಈ ಕಲೆಗೆ ಬಂದದ್ದು ದೊಡ್ಡ ಆದರ್ಶದಿಂದೇನಲ್ಲ, ದುಡ್ಡಿಲ್ಲದೆ. 1959ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಿದ ಈ ಹುಡುಗನಿಗೆ ಕ್ಯಾನ್ವಾಸಿಗೂ ಬಣ್ಣಕ್ಕೂ ಕಾಸು ಸಾಲುತ್ತಿರಲಿಲ್ಲ. ಗ್ರಾಫಿಕ್ಸ್ ವಿಭಾಗದಲ್ಲಿ ತಾಮ್ರದ ತಗಡು, ಶಾಯಿ, ಕಾಗದ ಪುಕ್ಕಟೆ ಸಿಗುತ್ತವೆಂದು ಯಾರೋ ಹೇಳಿದರು. ಹೋದರು. 1961ರಲ್ಲಿ ಮಾಡಿದ ಮೊದಲ ಎಚಿಂಗ್‌ನ, ಅಂದರೆ ತಾಮ್ರದ ತಗಡಿನ ಅಚ್ಚಿನ, ಹೆಸರು ‘ನಾನು ಮತ್ತು ನನ್ನ ನಾಯಕರು’. ಅದರಲ್ಲಿ ಮೂವರು ಸಾಲಾಗಿ ನಿಂತಿದ್ದಾರೆ: ಅಮೆರಿಕದ ಕವಿ ವಾಲ್ಟ್ ವಿಟ್ಮನ್, ನಮ್ಮ ಗಾಂಧಿ, ಪಕ್ಕದಲ್ಲಿ ಟೋಪಿ ಹಾಕಿಕೊಂಡ ಹಾಕ್ನಿ. ವಿಟ್ಮನ್‌ಗೂ ಗಾಂಧಿಗೂ ತಲೆಯ ಸುತ್ತ ಪ್ರಭಾವಳಿ ಉಂಟು, ಹಾಕ್ನಿಗಿಲ್ಲ. ಗಾಂಧಿಯ ಮೇಲೆ ಗೀಚಿದ ಅಕ್ಷರಗಳಲ್ಲಿ ಅವರು ಸಸ್ಯಾಹಾರಿಯೂ ಹೌದು ಎಂಬ ಮಾಹಿತಿ ಇದೆ. ತಮ್ಮ ಮೇಲೆ ಬರೆದುಕೊಂಡದ್ದು ವಯಸ್ಸು 23, ಕನ್ನಡಕ ಹಾಕುತ್ತೇನೆ ಎಂದಷ್ಟೇ. ಹಾಕ್ನಿಯ ತಂದೆ ಯುದ್ಧವಿರೋಧಿ, ತಾಯಿ ಸಸ್ಯಾಹಾರಿ. ಹಾಕ್ನಿ ಕೂಡ ಕಡ್ಡಾಯ ಸೈನಿಕ ಸೇವೆಗೆ ಒಲ್ಲೆನೆಂದು ಅದರ ಬದಲು ಆಸ್ಪತ್ರೆಗಳಲ್ಲಿ ದುಡಿದವರು. ಆ ಮನೆಯಿಂದ ಬಂದವನ ಮೊದಲ ತಗಡಿನಲ್ಲಿ ಗಾಂಧಿ ನಿಂತದ್ದು ಆಶ್ಚರ್ಯವಲ್ಲ.

ಅದೇ ವರ್ಷ ನ್ಯೂಯಾರ್ಕಿಗೆ ಹೋದಾಗ ಅಲ್ಲಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಈ ವಿದ್ಯಾರ್ಥಿಯ ಅಚ್ಚುಚಿತ್ರ ಕೊಂಡಿತು. ಹಾಕ್ನಿ ಕೂದಲಿಗೆ ಹೊಂಬಣ್ಣ ಹಚ್ಚಿಕೊಂಡು ಊರಿಗೆ ಮರಳಿದರು. ಆ ಪ್ರವಾಸದಿಂದ ಹುಟ್ಟಿದ್ದು ‘ಎ ರೇಕ್ಸ್ ಪ್ರೋಗ್ರೆಸ್’ ಎಂಬ 16 ಎಚಿಂಗ್‌ಗಳ ಸರಣಿ. 18ನೇ ಶತಮಾನದಲ್ಲಿ ವಿಲಿಯಂ ಹೊಗಾರ್ತ್ ದುಂದುಗಾರ ತರುಣನೊಬ್ಬನ ಪತನವನ್ನು ಇದೇ ಹೆಸರಿನಲ್ಲಿ ಚಿತ್ರಿಸಿದ್ದರು. ಹಾಕ್ನಿ ಆ ದುಂದುಗಾರನ ಜಾಗದಲ್ಲಿ ತಮ್ಮನ್ನೇ ನಿಲ್ಲಿಸಿ, ಕಥೆಯನ್ನು ನ್ಯೂಯಾರ್ಕಿಗೆ ಒಯ್ದರು. ಕಪ್ಪು, ಕೆಂಪು, ಎರಡೇ ಬಣ್ಣ. ಹೊಗಾರ್ತ್‌ನ ತರುಣ ಹುಚ್ಚಾಸ್ಪತ್ರೆ ಸೇರಿದರೆ ಹಾಕ್ನಿಯ ತರುಣ ಸೇರುವುದು ಕಿವಿಗೆ ವೈರು ಸಿಕ್ಕಿಸಿಕೊಂಡು ಟ್ರಾನ್ಸಿಸ್ಟರ್ ಕೇಳುತ್ತ ಒಂದೇ ಥರ ನಿಂತ ಮಂದಿಯ ಸಾಲನ್ನು. ಇಂದಿನ ಮೆಟ್ರೊ ಬೋಗಿಗೆ ಹತ್ತಿದವರು ಈ ಕೊನೆಯ ತಗಡನ್ನು ಒಮ್ಮೆ ನೋಡಬೇಕು. 1963ರಲ್ಲಿ ಸರಣಿ ಪ್ರಕಟವಾಗಿ ಬಂದ ಹಣದಿಂದ ಅವರು ಕ್ಯಾಲಿಫೋರ್ನಿಯಾಕ್ಕೆ ಹೋದರು. ಈಜುಕೊಳದ ಚಿತ್ರಗಳಿಗೆ ದಾರಿಖರ್ಚು ಕೊಟ್ಟದ್ದು ಪುಕ್ಕಟೆ ಸಿಕ್ಕ ತಾಮ್ರ.

ಎಚಿಂಗ್ ಹೇಗೆ ನಡೆಯುತ್ತದೆಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮುಂದಿನ ಎಲ್ಲ ಮಾತಿಗೂ ಅದು ಬೇಕು. ನುಣುಪಾದ ತಾಮ್ರದ ತಗಡಿನ ಮೇಲೆ ಮೇಣದಂಥ ತೆಳು ಲೇಪ ಹಚ್ಚುತ್ತಾರೆ. ಅದರ ಮೇಲೆ ಸೂಜಿಯಿಂದ ಬರೆದರೆ ಲೇಪ ಕಿತ್ತು ತಾಮ್ರ ಇಣುಕುತ್ತದೆ. ತಗಡನ್ನು ಆಮ್ಲದಲ್ಲಿ ಇಳಿಸಿದಾಗ ತೆರೆದ ಗೆರೆಯನ್ನು ಮಾತ್ರ ಆಮ್ಲ ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗೆರೆ ಆಳ, ಅಚ್ಚಿನಲ್ಲಿ ಅಷ್ಟೂ ಕಪ್ಪು. ಲೇಪ ತೆಗೆದು, ಶಾಯಿ ಬಳಿದು, ಮೇಲ್ಮೈಯ ಶಾಯಿಯನ್ನು ಒರೆಸುತ್ತಾರೆ. ಗೀರುಗಳೊಳಗೆ ಉಳಿದ ಶಾಯಿಯನ್ನು ಒದ್ದೆ ಕಾಗದ ಭಾರಿ ಒತ್ತಡದಲ್ಲಿ ಮೇಲಕ್ಕೆ ಎತ್ತಿಕೊಳ್ಳುತ್ತದೆ. ಹಾಗಾಗಿ ಒಳ್ಳೆಯ ಎಚಿಂಗ್‌ನ ಗೆರೆಗೆ ಮೈ ಇರುತ್ತದೆ. ಕಾಗದದ ಮೇಲೆ ಅದು ಕೂದಲೆಳೆಯಷ್ಟು ಉಬ್ಬಿ ನಿಲ್ಲುತ್ತದೆ, ತಗಡಿನ ಅಂಚು ಸುತ್ತಲೂ ತಗ್ಗಾಗಿ ಉಳಿಯುತ್ತದೆ. ಬರೆಯುವಾಗ ಸೂಜಿಗೆ ತಡೆ ಕಡಿಮೆ, ಕೈ ಹೆಚ್ಚುಕಮ್ಮಿ ಪೆನ್ನಿನಷ್ಟೇ ಸಲೀಸು. ಆದರೆ ಬರೆದವನಿಗೆ ತಾನು ಬರೆದದ್ದು ಸರಿಯಾಗಿ ಕಾಣುವುದಿಲ್ಲ. ಕಾಣಬೇಕಾದರೆ ಆಮ್ಲ, ಶಾಯಿ, ಯಂತ್ರ ಎಲ್ಲ ದಾಟಿ ಪ್ರೂಫ್ ಬರುವವರೆಗೆ ಕಾಯಬೇಕು.

ಈ ಕುರುಡು ದುಡಿಮೆಯನ್ನು ಹಾಕ್ನಿ ಎಷ್ಟು ಪಳಗಿಸಿಕೊಂಡರೆಂಬುದಕ್ಕೆ ಸಾಕ್ಷಿ 1969ರಲ್ಲಿ ಮಾಡಿದ ಗ್ರಿಮ್ ಸಹೋದರರ ಆರು ಕಿನ್ನರಕಥೆಗಳ 39 ಎಚಿಂಗ್‌ಗಳು. ಅವರ ಕೆಲಸದಲ್ಲೆಲ್ಲ ಒಂದನ್ನಷ್ಟೇ ಇಟ್ಟುಕೊಳ್ಳಿ ಎಂದರೆ ನಾನು ಕೈ ಹಾಕುವುದು ಈ ಪುಸ್ತಕಕ್ಕೆ. ಮಕ್ಕಳ ಕಥೆಗೆ ಚಿತ್ರ ಬರೆಯುವವರು ಸಾಮಾನ್ಯವಾಗಿ ರಾಜಕುಮಾರಿಯ ಉಡುಗೆ, ರಾಕ್ಷಸನ ಹಲ್ಲು ಹಿಡಿದು ಹೊರಡುತ್ತಾರೆ. ಹಾಕ್ನಿ ಹಿಡಿದದ್ದು ಕಥೆಯಲ್ಲಿ ಯಾರೂ ಗಮನಿಸದ ಚಿಲ್ಲರೆ ಸಂಗತಿಗಳನ್ನು. ಹೆದರಿಕೆ ಕಲಿಯಲು ಮನೆ ಬಿಟ್ಟ ಹುಡುಗನ ಕಥೆಗೆ ‘ಮನೆ’ ಎಂಬ ಹೆಸರಿನ ಚಿತ್ರದಲ್ಲಿ ಮನೆಯಿಲ್ಲ, ಒಂದು ಕುರ್ಚಿ ಇದೆ. ರಾಜಕುಮಾರನ ಮೇಲೆ ತಣ್ಣೀರು ಬೀಳುವ ಪ್ರಸಂಗದಲ್ಲಿ ನೀರು ಇನ್ನೂ ಬಿದ್ದಿಲ್ಲ, ಬೀಳಲಿದೆ. ಹುಲ್ಲನ್ನು ನೂತು ಚಿನ್ನ ಮಾಡುವ ಕಥೆಯಲ್ಲಿ ಎಡಕ್ಕೆ ಹುಲ್ಲು, ಬಲಕ್ಕೆ ಚಿನ್ನ. ಇರುವುದು ಕಪ್ಪು ಶಾಯಿ ಒಂದೇ. ಹುಲ್ಲಿಗೂ ಚಿನ್ನಕ್ಕೂ ವ್ಯತ್ಯಾಸ ಹೊಳೆಯಬೇಕಾದದ್ದು ಗೆರೆ ನಡೆಯುವ ರೀತಿಯಿಂದ. ಬೂದು, ಕತ್ತಲೆಗಳನ್ನು ತರಲು ಎಚಿಂಗ್‌ನಲ್ಲಿ ಸುಲಭದ ಉಪಾಯಗಳಿವೆ, ರಾಳದ ಪುಡಿ ಉದುರಿಸಿ ಮಾಡುವ ಅಕ್ವಾಟಿಂಟ್ ಅಂಥದ್ದೊಂದು. ಹಾಕ್ನಿ ಇಲ್ಲಿ ಹೆಚ್ಚಾಗಿ ಗೆರೆಯ ಮೇಲೆ ಅಡ್ಡಗೆರೆ, ಅದರ ಮೇಲೆ ಮತ್ತೊಂದು ಅಡ್ಡಗೆರೆ ಹಾಕಿ ಹಾಕಿ ಕತ್ತಲೆ ನೇಯ್ದರು. ಪದರದ ಮೇಲೆ ಪದರ ಇಡುವುದು ಅವರಿಗೆ ಇಲ್ಲಿಂದಲೇ ಅಭ್ಯಾಸ.

ತಾಮ್ರಕ್ಕೆ ಬಣ್ಣ ತರುವುದು ತಲೆನೋವಿನ ಕೆಲಸ. ಬಣ್ಣಕ್ಕೊಂದು ತಗಡು ಬೇಕು, ಎಲ್ಲ ತಗಡುಗಳೂ ಒಂದೇ ಹಾಳೆಯ ಮೇಲೆ ಕರಾರುವಾಕ್ಕಾಗಿ ಕೂರಬೇಕು. 1973ರಲ್ಲಿ ಪಿಕಾಸೊ ತೀರಿಕೊಂಡ ಮೇಲೆ ಹಾಕ್ನಿ ಪ್ಯಾರಿಸ್ಸಿನಲ್ಲಿ ಪಿಕಾಸೊನ ಅಚ್ಚುಗಾರ ಆಲ್ಡೊ ಕ್ರೊಮೆಲಿಂಕ್ ಜತೆ ಕೆಲಸ ಮಾಡಿದರು. ಬಣ್ಣದ ಎಚಿಂಗನ್ನು ಇಷ್ಟೊಂದು ತಾಪತ್ರಯವಿಲ್ಲದೆ, ಕೈಯ ಲಹರಿಗೆ ಭಂಗ ಬಾರದಂತೆ ಮಾಡುವ ಉಪಾಯವನ್ನು ಕ್ರೊಮೆಲಿಂಕ್ ಕಂಡುಹಿಡಿದಿದ್ದರು. ಪಿಕಾಸೊ ಅದನ್ನು ಬಳಸುವಷ್ಟು ದಿನ ಬದುಕಲಿಲ್ಲ. 1976–77ರ ‘ದಿ ಬ್ಲೂ ಗಿಟಾರ್’ ಎಂಬ 20 ಬಣ್ಣದ ಎಚಿಂಗ್‌ಗಳು ಆ ಕಲಿಕೆಯ ಫಲ. ಚೆನ್ನಾಗಿವೆ, ಆದರೆ ಪಿಕಾಸೊ ನೆನಪು ಅಲ್ಲಿ ಸ್ವಲ್ಪ ಜಾಸ್ತಿಯಾಯಿತೆಂದು ನನಗೆ ಅನ್ನಿಸುತ್ತದೆ.

ಇನ್ನು ಕಲ್ಲಚ್ಚು, ಅಂದರೆ ಲಿಥೋಗ್ರಫಿ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬ ಒಂದೇ ಸತ್ಯದ ಮೇಲೆ ನಿಂತ ವಿದ್ಯೆ ಇದು. 18ನೇ ಶತಮಾನದ ಕೊನೆಗೆ ಜರ್ಮನಿಯ ಅಲೋಯ್ಸ್ ಸೆನೆಫೆಲ್ಡರ್ ಕಂಡುಕೊಂಡದ್ದು. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಶಾಯಿ ಜಿಡ್ಡಿರುವಲ್ಲಿ ಮಾತ್ರ ಅಂಟುತ್ತದೆ. ಇಲ್ಲೂ ಬಣ್ಣಕ್ಕೊಂದು ಕಲ್ಲು ಅಥವಾ ತಗಡು. ಊರಿನ ಪ್ರೆಸ್ಸಿಗೆ ಮದುವೆ ಕರೆಯೋಲೆ ಮಾಡಿಸಲು ಹೋದವರಿಗೆ ಇದು ಗೊತ್ತು: ‘ಎಷ್ಟು ಕಲರ್?’ ಎಂಬುದೇ ಪ್ರೆಸ್ಸಿನವರ ಮೊದಲ ಪ್ರಶ್ನೆ, ಏಕೆಂದರೆ ಕಲರ್ ಹೆಚ್ಚಿದಷ್ಟೂ ಹಾಳೆ ಅಷ್ಟು ಸಲ ಯಂತ್ರಕ್ಕೆ ಹೋಗಬೇಕು. ಹಾಕ್ನಿಗೆ ಕಲ್ಲಚ್ಚಿನಲ್ಲಿ ಸಿಕ್ಕ ಜೊತೆಗಾರ ಅಮೆರಿಕದ ಅಚ್ಚುಗಾರ ಕೆನ್ ಟೈಲರ್. ಟೈಲರ್ ಹುಟ್ಟುಹಾಕಿದ ಲಾಸ್ ಏಂಜಲೀಸ್‌ನ ಜೆಮಿನಿ ಕಾರ್ಯಾಗಾರದಲ್ಲಿ 1973ರಲ್ಲಿ ‘ಹವಾಮಾನ ಸರಣಿ’ ಬಂತು: ಬಿಸಿಲು, ಮಳೆ, ಮಂಜು, ಮಿಂಚು, ಹಿಮ, ಗಾಳಿ. ಮಳೆಯ ಚಿತ್ರದಲ್ಲಿ ಶಾಯಿಯೇ ಕಾಗದದ ಮೇಲೆ ಸೋರಿ ಇಳಿದಿದೆ. ಗಾಳಿಯ ಚಿತ್ರದಲ್ಲಿ ಗಾಳಿಯನ್ನು ಹೇಗೆ ತೋರಿಸುವುದು? ಅದೇ ಸರಣಿಯ ಉಳಿದ ಅಚ್ಚುಗಳು ಜೆಮಿನಿ ಇದ್ದ ಮೆಲ್ರೋಸ್ ರಸ್ತೆಯ ಹೆಸರುಫಲಕದ ಪಕ್ಕದಲ್ಲಿ ಹಾರಿಹೋಗುತ್ತಿವೆ. ಜಪಾನಿನ ಮರದಚ್ಚಿನ ಗುರುಗಳಾದ ಹೊಕುಸಾಯ್, ಹಿರೋಶಿಗೆಯರಿಗೆ ಕೈಮುಗಿಯುತ್ತಲೇ ಮಾಡಿದ ತಮಾಷೆ ಇದು. 1978ರಲ್ಲಿ ಅದೇ ಟೈಲರ್, ಆಗ ನ್ಯೂಯಾರ್ಕ್ ಬಳಿ ನೆಲೆಸಿದ್ದವರು, ಹಾಕ್ನಿಯ ಕೈಗೆ ಬಣ್ಣ ಕಲಸಿದ ಕಾಗದದ ತಿರುಳು ಕೊಟ್ಟರು. ಅದನ್ನು ಅಚ್ಚುಗಳೊಳಗೆ ಸುರಿದು, ಒತ್ತಿ, ಈಜುಕೊಳಗಳನ್ನು ಕಾಗದದಲ್ಲೇ ಮಾಡಿದ್ದಾಯಿತು. ಬಣ್ಣ ಕಾಗದದ ಮೇಲಿಲ್ಲ, ಕಾಗದವೇ ಬಣ್ಣ.

ಆದರೆ ನನ್ನ ವಾದಕ್ಕೆ ಬೇಕಾದದ್ದು ಟೈಲರ್ ಕೊಟ್ಟ ಇನ್ನೊಂದು ವಸ್ತು. 1984ರಲ್ಲಿ ಮೆಕ್ಸಿಕೊದಲ್ಲಿ ಕಾರು ಕೆಟ್ಟು ಹಾಕ್ನಿ ಅಕಾತ್ಲಾನ್ ಎಂಬ ಊರಿನಲ್ಲಿ ಉಳಿಯಬೇಕಾಯಿತು. ಅಲ್ಲಿನ ಹೋಟೆಲಿನ ಅಂಗಳ, ಸುತ್ತಲ ಕಂಬಗಳ ಜಗಲಿ ಅವರ ಕಣ್ಣಿಗೆ ಹತ್ತಿಬಿಟ್ಟವು. ಅದನ್ನು ಕಲ್ಲಚ್ಚಿಗಿಳಿಸಬೇಕು, ಕಲ್ಲು ಹೊತ್ತು ಮೆಕ್ಸಿಕೊಕ್ಕೆ ಹೋಗುವುದು ಹೇಗೆ? ಟೈಲರ್ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳನ್ನು ಕೊಟ್ಟರು. ಹಾಳೆಯ ಮೇಲೆ ಬರೆದದ್ದನ್ನು ಆಮೇಲೆ ಕಾರ್ಯಾಗಾರದಲ್ಲಿ ಬೆಳಕಿನ ಮೂಲಕ ತಗಡಿಗೆ ಇಳಿಸಬಹುದು. ಈ ವಿಧಾನದಲ್ಲಿ ಬಣ್ಣಕ್ಕೊಂದು ಹಾಳೆ. ಕೆಂಪಿಗೊಂದು, ನೀಲಿಗೊಂದು, ಹಳದಿಗೊಂದು, ಆದರೆ ಬರೆಯುವುದು ಎಲ್ಲವನ್ನೂ ಕಪ್ಪಿನಲ್ಲೇ. ಹಾಳೆಯ ಮೇಲೆ ಹಾಳೆ ಇಟ್ಟು ಕೆಳಗಿನದನ್ನು ನೋಡುತ್ತ ಬರೆಯಬಹುದು, ಆದರೆ ಬಣ್ಣ ಕಾಣುವುದಿಲ್ಲ. ಬಣ್ಣವನ್ನು ತಲೆಯೊಳಗೆ ಕೂಡಿಸಿಕೊಳ್ಳಬೇಕು. ಈ ಕಪ್ಪು ಹಾಳೆಗಳ ರಾಶಿಯಿಂದ ಹೊಮ್ಮಿದ ‘ಮೂವಿಂಗ್ ಫೋಕಸ್’ ಸರಣಿಯ ಹೋಟೆಲ್ ಅಂಗಳಗಳು ಹಾಕ್ನಿಯ ಅತ್ಯಂತ ಬಣ್ಣಬಣ್ಣದ ಕೃತಿಗಳಲ್ಲಿ ಸೇರುತ್ತವೆ.

ಇದಾದ ಬೆನ್ನಿಗೇ, 1986ರಲ್ಲಿ, ಜೆರಾಕ್ಸ್ ಯಂತ್ರ ಬಂತು. ಕಾಲಕ್ರಮ ಗಮನಿಸಬೇಕು.

ಆ ಕಾಲದ ಕಚೇರಿಯ ಜೆರಾಕ್ಸ್ ಯಂತ್ರ ಒಂದು ಸಲಕ್ಕೆ ಒಂದೇ ಬಣ್ಣ ಹಾಕಬಲ್ಲದು. ಗಾಜಿನ ಮೇಲಿಟ್ಟ ಹಾಳೆಯ ಮೇಲೆ ಬೆಳಕು ಹಾಯುತ್ತದೆ, ಒಳಗಿನ ಉರುಳೆಯ ಮೇಲೆ ಆ ಹಾಳೆಯ ಕಪ್ಪು ಭಾಗದ ಆಕಾರದಲ್ಲಿ ವಿದ್ಯುದಾವೇಶ ಉಳಿಯುತ್ತದೆ, ಟೋನರ್ ಪುಡಿ ಅಲ್ಲಿಗೆ ಅಂಟುತ್ತದೆ, ಅಲ್ಲಿಂದ ಕಾಗದಕ್ಕೆ ಹಾರಿ, ಬಿಸಿಗೆ ಕರಗಿ ಕೂರುತ್ತದೆ. ಕಾರ್ಟ್ರಿಡ್ಜ್ ಬದಲಿಸಿದರೆ ಕಪ್ಪಿನ ಬದಲು ಕೆಂಪೋ ನೀಲಿಯೋ ಬರುತ್ತದೆ. ಗಾಜಿನ ಮೇಲಿನ ಗೆರೆ ಯಾವ ಬಣ್ಣದ್ದೆಂಬುದು ಯಂತ್ರಕ್ಕೆ ಬೇಕಿಲ್ಲ. ಕಪ್ಪಾಗಿ ಕಂಡರೆ ಸಾಕು. ಅಂದರೆ ಹಾಕ್ನಿ ಮೆಕ್ಸಿಕೊದಲ್ಲಿ ಪ್ಲಾಸ್ಟಿಕ್ ಹಾಳೆಗಳ ಮೇಲೆ ಮಾಡಿದ ಕೆಲಸವೇ ಇದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಂದು ಹಾಳೆಯಲ್ಲಿ ಎಲೆ ಬರೆದು ಹಸಿರು ಕಾರ್ಟ್ರಿಡ್ಜ್‌ನಲ್ಲಿ ತೆಗೆ. ಬಂದ ಕಾಗದವನ್ನೇ ಮತ್ತೆ ಟ್ರೇಗೆ ಹಾಕು. ಇನ್ನೊಂದು ಹಾಳೆಯಲ್ಲಿ ಹೂದಾನಿ ಬರೆದು ಕೆಂಪಿನಲ್ಲಿ ತೆಗೆ. ಹೀಗೆ ನಾಲ್ಕು, ಐದು, ಆರು ಸುತ್ತು. ಕಾಗದವನ್ನೂ ಕಚೇರಿಯದ್ದು ಬಳಸಲಿಲ್ಲ, ಎಚಿಂಗ್‌ಗೆ ಬಳಸುವಂಥ ಹತ್ತಿಯ ನಾರಿನ ಫ್ರೆಂಚ್ ಕಾಗದ ಹಾಕಿದರು.

ಕ್ಯಾನನ್ ಮತ್ತು ಕೊಡಾಕ್ ಕಂಪನಿಗಳ ಯಂತ್ರಗಳನ್ನು ಮನೆಗೆ ತಂದಿಟ್ಟುಕೊಂಡು ಅವರು ತೆಗೆದ ಈ ಅಚ್ಚುಗಳಿಗೆ ಇಟ್ಟ ಹೆಸರು ‘ಹೋಮ್ ಮೇಡ್ ಪ್ರಿಂಟ್ಸ್’. ಹಪ್ಪಳ ಉಪ್ಪಿನಕಾಯಿಯ ಸಾಲಿಗೆ ಸೇರುವ ಹೆಸರು, ಮತ್ತು ಉದ್ದೇಶವೂ ಅದೇ: ಕಾರ್ಯಾಗಾರ, ಅಚ್ಚುಗಾರ, ಸಹಾಯಕರು ಯಾರೂ ಬೇಡ. ಟೈಲರ್ ಜತೆಗಿನ ಕಲ್ಲಚ್ಚು ತಿಂಗಳುಗಟ್ಟಲೆ ಎಳೆಯುತ್ತಿತ್ತು. ಇಲ್ಲಿ ಊಟದ ಹೊತ್ತಿಗೆ ಶುರುಮಾಡಿದ್ದು ರಾತ್ರಿ ಮಲಗುವುದರೊಳಗೆ ಮುಗಿಯಬಹುದು. ಗಾಜಿನ ಮೇಲೆ ಚಿತ್ರವನ್ನೇ ಇಡಬೇಕೆಂಬ ಕಟ್ಟುಪಾಡೂ ಇಲ್ಲ. ಅಂಗಿ ಇಟ್ಟರು, ಎಲೆ ಇಟ್ಟರು. ಯಂತ್ರಕ್ಕೆ ಆಳ ಕಾಣುವುದಿಲ್ಲ, ಗಾಜಿಗೆ ತಾಗಿದ್ದು ಮಾತ್ರ ಕಾಣುತ್ತದೆ. ಎದುರಿನ ಲೋಕವನ್ನು ದೂರದಿಂದ ನೋಡುವ ಕ್ಯಾಮೆರಾದ ಬಗ್ಗೆ ವರ್ಷಗಟ್ಟಲೆ ಜಗಳ ತೆಗೆದಿದ್ದ ಹಾಕ್ನಿಗೆ, ಮುಟ್ಟಿದ್ದನ್ನು ಮಾತ್ರ ನೋಡುವ ಈ ಕ್ಯಾಮೆರಾ ಪ್ರಿಯವಾದದ್ದು ಸಹಜ. ಅವರು ಬಹಳ ಮೆಚ್ಚಿದ್ದು ಕಪ್ಪನ್ನು. ಶಾಯಿ ದ್ರವ, ಕಾಗದ ಕುಡಿಯುತ್ತದೆ, ಒಣಗಿದ ಮೇಲೆ ಬೆಳಕಿಗೆ ಸ್ವಲ್ಪ ಮಿನುಗುತ್ತದೆ. ಟೋನರ್ ಒಣಪುಡಿ. ಒಂದೇ ಜಾಗಕ್ಕೆ ಕಪ್ಪು ಎರಡು ಮೂರು ಸಲ ಬಿದ್ದರೆ ಬಾವಿಯೊಳಗೆ ಬಗ್ಗಿ ನೋಡಿದಷ್ಟು ಕಪ್ಪು.

ಜೆರಾಕ್ಸ್ ಎಂದರೆ ನಕಲು ಎಂದು ತಿಳಿದವರಿಗೆ ಇಲ್ಲೊಂದು ವಿಷಯ ಹೇಳಬೇಕು. ಪತ್ರಿಕೆಯಲ್ಲೋ ಪುಸ್ತಕದಲ್ಲೋ ಒಂದು ವರ್ಣಚಿತ್ರವನ್ನು ಮುದ್ರಿಸಬೇಕಾದರೆ ಅದನ್ನು ಫೋಟೊ ತೆಗೆದು, ನಾಲ್ಕು ಬಣ್ಣಗಳ ಸಣ್ಣ ಚುಕ್ಕೆಗಳಾಗಿ ಒಡೆಯುತ್ತಾರೆ. ಅಚ್ಚಾದ ಪತ್ರಿಕೆಯೊಂದರ ಯಾವುದಾದರೂ ಚಿತ್ರಕ್ಕೆ ಭೂತಗನ್ನಡಿ ಹಿಡಿದರೆ ಆ ಚುಕ್ಕೆಗಳು ಕಾಣುತ್ತವೆ. ಕಲಾವಿದನ ಕೈಗೂ ಕಾಗದಕ್ಕೂ ನಡುವೆ ಚುಕ್ಕೆಗಳ ಜಾಲರಿ. ಹಾಕ್ನಿಯ ಜೆರಾಕ್ಸ್ ಅಚ್ಚಿನಲ್ಲಿ ಈ ಜಾಲರಿ ಇಲ್ಲ. ಒಂದೊಂದು ಬಣ್ಣವೂ ಅವರ ಕೈ ಬರೆದ ಆಕಾರದಲ್ಲೇ ಬಿದ್ದಿದೆ. ಬಣ್ಣ ಬಿಡಿಸಿ ಬರೆದದ್ದು ಕೆಲಸಗಾರರಲ್ಲ, ಕಲಾವಿದನೇ; ರವಿವರ್ಮ ಮುದ್ರಣಾಲಯದ ಅಚ್ಚಿಗೂ ಇದಕ್ಕೂ ಇರುವ ವ್ಯತ್ಯಾಸ ಇದು. ಗ್ರಿಮ್ ಕಥೆಗಳ ತಾಮ್ರಕ್ಕೂ ಇದಕ್ಕೂ ಇರುವ ನಂಟೂ ಇದೇ. ಕಚೇರಿಯ ಗುಮಾಸ್ತನ ಯಂತ್ರ, ಆದರೆ ನಡೆದದ್ದು ಅಪ್ಪಟ ಅಚ್ಚುಗಾರನ ಕೆಲಸ: ಕಾಣದ ಬಣ್ಣವನ್ನು ಊಹಿಸಿಕೊಂಡು ಕಪ್ಪಿನಲ್ಲಿ ಬರೆಯುವುದು, ಹಾಳೆ ಬಂದಾಗ ಬೆರಗಾಗುವುದು, ತಪ್ಪಿದರೆ ಹರಿದೆಸೆದು ಮತ್ತೆ ಬರೆಯುವುದು.

ಫ್ಯಾಕ್ಸ್ ಕಥೆ ಮಜವಾದದ್ದು, ಆದರೆ ಚಿಕ್ಕದು. 1989ರಲ್ಲಿ ಬ್ರೆಜಿಲ್‌ನ ಸಾವೊ ಪಾವ್ಲೊ ದ್ವೈವಾರ್ಷಿಕ ಪ್ರದರ್ಶನಕ್ಕೆ ಹಾಕ್ನಿ ಚಿತ್ರಗಳನ್ನು ಹಡಗಿನಲ್ಲೋ ವಿಮಾನದಲ್ಲೋ ಕಳಿಸಲಿಲ್ಲ, ಫ್ಯಾಕ್ಸ್ ಮಾಡಿದರು. ಅದೇ ವರ್ಷ ನವೆಂಬರಿನಲ್ಲಿ ‘ಟೆನಿಸ್’ ಎಂಬ ಚಿತ್ರವನ್ನು 144 ಹಾಳೆಗಳಾಗಿ ಒಡೆದು ಲಾಸ್ ಏಂಜಲೀಸ್‌ನಿಂದ ತಮ್ಮ ಹುಟ್ಟೂರಿನ ಪಕ್ಕದ ಸಾಲ್ಟೇರ್‌ನಲ್ಲಿ ಹಳೆಯ ಬಟ್ಟೆ ಗಿರಣಿಯೊಂದರೊಳಗಿದ್ದ ಗ್ಯಾಲರಿಗೆ ಕಳಿಸಿದರು. ಜನ ಸೇರಿ ನೋಡುತ್ತಿದ್ದಂತೆ ಹಾಳೆಗಳು ಒಂದೊಂದಾಗಿ ಬಂದು ಗೋಡೆ ಏರಿದವು. ಚಿತ್ರವಾಗಿ ನೋಡಿದರೆ ಅಷ್ಟೇನಿಲ್ಲ. ಅದೊಂದು ಜಾತ್ರೆ, ಜಾತ್ರೆಯಾಗಿಯೇ ನೋಡಬೇಕು.

ಆಮೇಲಿನದು ನೆಟ್ಟಗೆ ಮುಂದಕ್ಕೆ ಹೋಗುವ ದಾರಿಯಲ್ಲ. 1998ರಲ್ಲಿ ಹಳೆಯ ಅಚ್ಚುಗಾರ ಮಾರಿಸ್ ಪೇನ್ ಲೇಪ ಹಚ್ಚಿದ ತಾಮ್ರದ ತಗಡುಗಳನ್ನು ಸಿದ್ಧಮಾಡಿ ಹಾಕ್ನಿಯ ಮನೆಯಲ್ಲಿ ಕೈಗೆಟಕುವಂತೆ ಇಟ್ಟರು. ಹಾಕ್ನಿ ಮತ್ತೆ ಸೂಜಿ ಹಿಡಿದರು, ತಮ್ಮ ಎರಡು ಡ್ಯಾಶ್‌ಹುಂಡ್ ನಾಯಿಗಳು ಮಲಗಿದಾಗ ಅವಸರ ಅವಸರವಾಗಿ ಗೀರಿದರು. ಸುಮಾರು ಹತ್ತು ವರ್ಷಗಳ ನಂತರ ಫೋಟೊಶಾಪ್‌ನಲ್ಲಿ ನೇರವಾಗಿ ಬರೆದು ಇಂಕ್‌ಜೆಟ್‌ನಲ್ಲಿ ತೆಗೆಯತೊಡಗಿದರು. 2009ರ ಹೊತ್ತಿಗೆ ಐಫೋನ್ ಬಂದಿತ್ತು. ಯಾರ್ಕ್‌ಶೈರ್‌ನ ಕಡಲತಡಿಯ ಊರು ಬ್ರಿಡ್ಲಿಂಗ್ಟನ್‌ನಲ್ಲಿ ನಸುಕಿಗೆ ಎದ್ದು, ಹಾಸಿಗೆ ಬಿಡದೆ, ದೀಪ ಹಚ್ಚದೆ, ಕಿಟಕಿಯಾಚೆಯ ಸೂರ್ಯೋದಯವನ್ನು ಹೆಬ್ಬೆರಳಿನಿಂದ ಬರೆದು ಗೆಳೆಯರಿಗೆ ಕಳಿಸುತ್ತಿದ್ದರು. ಕತ್ತಲಲ್ಲಿ ಬಣ್ಣ ಬಳಸಲು ಬಿಡುವ ಸಾಧನ ಅದಕ್ಕೆ ಮೊದಲು ಯಾವ ಚಿತ್ರಗಾರನಿಗಿತ್ತು? ಮುಂದಿನ ವರ್ಷ ಐಪ್ಯಾಡ್. 2011ರ ಚಳಿಗಾಲದಿಂದ ಬೇಸಗೆಯವರೆಗೆ ವೋಲ್ಡ್‌ಗೇಟ್ ಎಂಬ ಹಳ್ಳಿದಾರಿಯಲ್ಲಿ ವಸಂತ ಕಾಲಿಡುವುದನ್ನು ದಿನದಿನವೂ ಐಪ್ಯಾಡ್‌ನಲ್ಲಿ ಬರೆದರು. ಅದರಲ್ಲಿ ಆಯ್ದ 51 ಚಿತ್ರಗಳು ದೊಡ್ಡ ಅಚ್ಚುಗಳಾಗಿ 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಗೋಡೆ ತುಂಬಿದವು.

ಆಗಿನ ಐಪ್ಯಾಡ್ ಪರದೆಯ ಎತ್ತರ ಸುಮಾರು 20 ಸೆಂಟಿಮೀಟರ್. ಅಚ್ಚುಗಳಲ್ಲಿ ಒಂದು ಅಳತೆಯವು ಸುಮಾರು 144 ಸೆಂಟಿಮೀಟರ್, ಅಂದರೆ ಏಳು ಪಟ್ಟಿಗೂ ಹೆಚ್ಚು. ಮಾಮೂಲಿ ಫೋಟೊವನ್ನು ಇಷ್ಟು ಹಿಗ್ಗಿಸಿದರೆ ಚೌಕಚೌಕವಾಗಿ ಒಡೆದುಹೋಗುತ್ತದೆ. ಅವರು ಬಳಸುತ್ತಿದ್ದ ಬ್ರಷಸ್ ಎಂಬ ಆ್ಯಪ್ ಚಿತ್ರವನ್ನಷ್ಟೇ ಅಲ್ಲ, ಬೆರಳು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನೂ ಗೆರೆಗೆರೆಯಾಗಿ ದಾಖಲಿಸುತ್ತಿತ್ತು. ಹಾಗಾಗಿ ಅದೇ ಗೆರೆಗಳನ್ನು ದೊಡ್ಡ ಅಳತೆಯಲ್ಲಿ ಹೊಸದಾಗಿ ಎಳೆಸಬಹುದು, ಬರೆದ ಕ್ರಮದಲ್ಲೇ ಮತ್ತೆ ಓಡಿಸಿಯೂ ನೋಡಬಹುದು. ಜಾಣ ವ್ಯವಸ್ಥೆ. ಇಲ್ಲೂ ಕಾಗದದ ಮೇಲಿನ ಮೂಲವೆಂಬುದಿಲ್ಲ. ಅಚ್ಚೇ ಚಿತ್ರದ ಮೊದಲ ಮೈ. ಈ ಲೆಕ್ಕದಲ್ಲಿ ಐಪ್ಯಾಡ್ ಅಚ್ಚು ಎಚಿಂಗ್‌ನ ನೇರ ವಂಶಜ ಎನ್ನಬೇಕು.

ನನಗೆ ಹಾಗನ್ನಿಸುವುದಿಲ್ಲ. ವೋಲ್ಡ್‌ಗೇಟ್ ಸರಣಿ ಪರದೆಯ ಮೇಲೆ ಕಂಡಾಗ ಕಣ್ಣು ತುಂಬುತ್ತದೆ: ಅದು ಬೆಳಕಿನಿಂದ ಮಾಡಿದ ಬಣ್ಣ, ಒಳಗಿನಿಂದ ಉರಿಯುತ್ತದೆ. ಕಾಗದಕ್ಕೆ ಬಂದಾಗ ಅದೇ ಬಣ್ಣ ಹೊರಗಿನ ಬೆಳಕನ್ನು ಕಾಯುವ ಶಾಯಿಯಾಗುತ್ತದೆ, ಒಂದು ಹಿಡಿ ಮಂಕಾಗುತ್ತದೆ. ಪರದೆಯ ಮೇಲೆ ಎರಡು ಮಿಲಿಮೀಟರ್ ಇದ್ದ ಹುಲ್ಲಿನ ಗೆರೆ ಗೋಡೆಯ ಮೇಲೆ ಹೆಬ್ಬೆರಳಿನಷ್ಟು ದಪ್ಪ. ಅಷ್ಟು ದಪ್ಪಕ್ಕೆ ಬೇಕಾದ ಒಳವಿವರ ಅದರಲ್ಲಿಲ್ಲ, ಏಕೆಂದರೆ ಬೆರಳು ಅದನ್ನು ಹಾಕಿರಲೇ ಇಲ್ಲ. ಆಮ್ಲ ತಿಂದ ಗೆರೆಯ ಉಬ್ಬಿಲ್ಲ, ಟೋನರ್ ಪದರದ ಒಣ ಕತ್ತಲೆಯಿಲ್ಲ. ಇವು ಸಣ್ಣ ಆಕ್ಷೇಪಗಳು. ದೊಡ್ಡದು ಬೇರೆ. ಐಪ್ಯಾಡ್‌ನಲ್ಲಿ ಬರೆಯುವವನಿಗೆ ಬಣ್ಣ ಹಾಕಿದ ಕ್ಷಣದಲ್ಲೇ ಬಣ್ಣ ಕಾಣುತ್ತದೆ, ಎಡ ಎಡವಾಗಿಯೇ ಬಲ ಬಲವಾಗಿಯೇ ಇರುತ್ತದೆ, ತಪ್ಪಿದರೆ ಹಿಂದಕ್ಕೆ ಹೋಗಿ ಅಳಿಸಬಹುದು. ಅಚ್ಚುಯಂತ್ರ ಬರುವುದು ಎಲ್ಲ ಮುಗಿದ ಮೇಲೆ. ಅದು ಚಿತ್ರಕ್ಕೆ ಏನನ್ನೂ ಸೇರಿಸುವುದಿಲ್ಲ, ಏನನ್ನೂ ಕೆಡಿಸುವುದಿಲ್ಲ. ಇದು ಪೇಂಟಿಂಗ್, ಒಳ್ಳೆಯ ಪೇಂಟಿಂಗ್, ಅಚ್ಚು ಅದರ ಸಾಗಣೆ ಮಾತ್ರ. 1961ರಿಂದ 1986ರವರೆಗೆ ತಾಮ್ರವಾಗಲಿ, ಕಲ್ಲಾಗಲಿ, ಕಚೇರಿಯ ಯಂತ್ರವಾಗಲಿ, ಹಾಕ್ನಿಯನ್ನು ಕತ್ತಲಲ್ಲಿ ನಡೆಸಿ ಆಮೇಲೆ ದೀಪ ಹಚ್ಚುತ್ತಿತ್ತು. ಗೆರೆ ಎಳೆಯುವುದಾದರೆ ಎಳೆಯಬೇಕಾದದ್ದು ಆ ಕತ್ತಲೆ ಮುಗಿದ ಕಡೆ.

ಹಾಕ್ನಿ ಇದಕ್ಕೆ ಒಪ್ಪುವವರಲ್ಲ. 2019ರಲ್ಲಿ ಫ್ರಾನ್ಸಿನ ನಾರ್ಮಂಡಿಗೆ ಹೋಗಿ ನೆಲೆಸಿ, 2020ರಲ್ಲಿ ಕೊರೊನಾ ಲಾಕ್‌ಡೌನ್‌ನ ನಡುವೆ ಅಲ್ಲಿನ ವಸಂತವನ್ನೂ ಐಪ್ಯಾಡ್‌ನಲ್ಲೇ ಹಿಡಿದರು. 116 ಚಿತ್ರಗಳು ಮರುವರ್ಷ ರಾಯಲ್ ಅಕಾಡೆಮಿಗೆ ಬಂದವು. ಅಲ್ಲಿನ ಒಂದಿಡೀ ವರ್ಷವನ್ನು ಕೂಡಿಸಿ ಸುಮಾರು 90 ಮೀಟರ್ ಉದ್ದದ ಒಂದೇ ಪಟ್ಟಿಯಾಗಿಯೂ ಅಚ್ಚು ಹಾಕಿಸಿದರು. ಹತ್ತಿರದ ಬಾಯೊ ಊರಿನ ಮಧ್ಯಯುಗದ ಕಸೂತಿ ಪಟ್ಟಿ ಅದಕ್ಕೆ ಪ್ರೇರಣೆ. ನಡೆಯುತ್ತ ನೋಡಬೇಕಾದ ಚಿತ್ರ ಅದು. ಇಷ್ಟು ಉದ್ದದ ಕೆಲಸವನ್ನು ತಾಮ್ರದಲ್ಲೋ ಕಲ್ಲಿನಲ್ಲೋ ಮಾಡಲಾಗದು ಎಂಬುದನ್ನು ನಾನೂ ಒಪ್ಪಬೇಕು.

ಉಳಿದದ್ದು ಸಂಖ್ಯೆಯ ಪ್ರಶ್ನೆ. ವೋಲ್ಡ್‌ಗೇಟ್ ಅಚ್ಚುಗಳಲ್ಲಿ ಒಂದು ಅಳತೆಯವನ್ನು ತಲಾ 25 ಪ್ರತಿಗೆ ನಿಲ್ಲಿಸಿದರು. ತಾಮ್ರದ ಕಾಲದಲ್ಲಿ ಇಂಥ ಮಿತಿಗೆ ಕಾರಣವಿತ್ತು: ಪ್ರತಿ ಸಲ ಒತ್ತಿದಾಗಲೂ ತಗಡು ಸವೆಯುತ್ತದೆ, ಸಣ್ಣ ಗೆರೆಗಳು ಮೊದಲು ಮಾಸುತ್ತವೆ. ನಿಗದಿಯಾದಷ್ಟು ತೆಗೆದ ಮೇಲೆ ತಗಡಿಗೆ ಅಡ್ಡಗೀರು ಹಾಕಿ ಕೆಡಿಸುವ ಪದ್ಧತಿಯೂ ಇದೆ. ಕಲ್ಲಚ್ಚಿನ ಕಲ್ಲನ್ನು ಉಜ್ಜಿ ಮುಂದಿನ ಚಿತ್ರಕ್ಕೆ ಬಳಸುತ್ತಾರೆ, ಹಳೆಯದು ಮರಳಿ ಬಾರದು. ಕಂಪ್ಯೂಟರ್ ಫೈಲ್ ಸವೆಯುವುದಿಲ್ಲ. ಇಪ್ಪತ್ತೈದನೆಯದಕ್ಕೂ ಇಪ್ಪತ್ತೈದು ಸಾವಿರದನೆಯದಕ್ಕೂ ಯಾವ ವ್ಯತ್ಯಾಸವೂ ಇರದು. ಅಲ್ಲಿ ಮಿತಿ ಎಂಬುದು ಕಲಾವಿದನ ಮಾತು ಮತ್ತು ಮಾರುಕಟ್ಟೆಯ ಅಗತ್ಯ, ಎರಡೂ ಸೇರಿದ್ದು.

ಈ ಮಿತಿಯನ್ನು ಹಾಕ್ನಿ ಒಮ್ಮೆ ಪೂರ್ತಿ ಬಿಟ್ಟುಕೊಟ್ಟದ್ದೂ ಉಂಟು. 1987ರಲ್ಲಿ, ಜೆರಾಕ್ಸ್‌ನ ಹುಮ್ಮಸ್ಸು ಇನ್ನೂ ಆರದಿದ್ದಾಗ, ಬ್ರಾಡ್‌ಫರ್ಡ್‌ನ ಸ್ಥಳೀಯ ದಿನಪತ್ರಿಕೆ ‘ಟೆಲಿಗ್ರಾಫ್ ಆ್ಯಂಡ್ ಆರ್ಗಸ್’ಗೆ ‘ಎ ಬೌನ್ಸ್ ಫಾರ್ ಬ್ರಾಡ್‌ಫರ್ಡ್’ ಎಂಬ ಚಿತ್ರ ಮಾಡಿಕೊಟ್ಟರು. ಬರೆದ ಚಿತ್ರವನ್ನು ಪತ್ರಿಕೆಯವರು ಫೋಟೊ ತೆಗೆದು ಚುಕ್ಕೆಗಳಾಗಿ ಒಡೆದು ಹಾಕಲಿಲ್ಲ. ಪತ್ರಿಕೆಯ ಮುದ್ರಣಯಂತ್ರದ ಒಂದೊಂದು ಬಣ್ಣಕ್ಕೂ ಹಾಕ್ನಿಯೇ ಬೇರೆಬೇರೆ ಹಾಳೆ ಬರೆದುಕೊಟ್ಟರು, ಮೆಕ್ಸಿಕೊದಲ್ಲಿ ಮಾಡಿದ ಹಾಗೆ, ಮನೆಯ ಜೆರಾಕ್ಸ್‌ನಲ್ಲಿ ಮಾಡಿದ ಹಾಗೆ. ಊರಿನವರು ಪತ್ರಿಕೆಯ ದರ ಕೊಟ್ಟು ಕೊಂಡದ್ದು ಹಾಕ್ನಿಯ ಅಸಲು ಅಚ್ಚುಚಿತ್ರವನ್ನೇ. ಅಗ್ಗದ ಸುದ್ದಿಕಾಗದ ಬಿಸಿಲಿಗೆ ಹಳದಿಯಾಗುತ್ತದೆ, ಮಡಿಕೆಯಲ್ಲಿ ಸೀಳುತ್ತದೆ. ಸಂಗ್ರಹಾಲಯಗಳಲ್ಲಿ ಈಗ ಅದನ್ನು ಆಮ್ಲರಹಿತ ಕಾಗದದ ನಡುವೆ ಇಟ್ಟು ಬೆಳಕು ತಾಗದಂತೆ ಕಾಯಬೇಕಾಗುತ್ತದೆ. ಎಷ್ಟು ಪ್ರತಿ ಅಚ್ಚಾಯಿತೆಂದರೆ, ಆ ದಿನ ಬ್ರಾಡ್‌ಫರ್ಡ್‌ನಲ್ಲಿ ಪತ್ರಿಕೆ ಎಷ್ಟು ಬೇಕಿತ್ತೋ ಅಷ್ಟು.